ಒಂದೇ ಡಾಕ್ಟರ್, ಮನೆಯಲ್ಲಿ ಮೂರು ಪಕ್ಷ

ಓದುಗರ ಪ್ರಶ್ನೆ: ನಾವು ಪುಣೆಯ ವಾಕಡ್‌ನಲ್ಲಿದ್ದೇವೆ, ಮೂಲ ಧಾರವಾಡ. ಮನೆಮಂದಿಗೆಲ್ಲ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ ಅಂದರೆ ಪ್ರಾಣ, ಆದರೆ ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಮಾಟುಂಗಾದಲ್ಲಿರುವ ಸೋದರಮಾವ 1970ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಕೆಲಸಕ್ಕಿದ್ದರು. ಟಾಮ್ ಬೇಕರ್ ಡಾಕ್ಟರ್ ಪಾತ್ರ ಮಾಡುತ್ತಿದ್ದ ಕಾಲದ್ದೇ ಅಸಲಿ, ಈಗಿನದರಲ್ಲಿ ಬರೀ ರಾಜಕೀಯ ತುರುಕಿದ್ದಾರೆ ಎನ್ನುತ್ತಾರೆ. ಡೇವಿಡ್ ಟೆನೆಂಟ್ ಹೋದಮೇಲೆ ಅದರಲ್ಲಿ ಏನೂ ಉಳಿದಿಲ್ಲ ಎಂಬುದು ನಮ್ಮ ಯಜಮಾನರ ವಾದ. ಕಾಲೇಜಿಗೆ ಹೋಗುವ ಮಗಳು ಈಚಿನ ಡಾಕ್ಟರ್‌ಗಳಾದ ಜೋಡಿ ವಿಟೇಕರ್, ಶೂಟಿ ಗಾಟ್ವಾ ಪಕ್ಷ. ಹಳೆಯದನ್ನು ಹತ್ತು ನಿಮಿಷ ನೋಡಿದರೆ ಅವಳಿಗೆ ಆಕಳಿಕೆ ಬರುತ್ತದೆ. ದೀಪಾವಳಿ ರಜೆಗೆ ಎಲ್ಲರೂ ನಮ್ಮಲ್ಲೇ ಸೇರುತ್ತಾರೆ, ಒಂಬತ್ತು ವರ್ಷದ ಮಗನೂ ಇದ್ದಾನೆ. ಸರಣಿ ನಿಜಕ್ಕೂ ಕೆಟ್ಟಿದೆಯೇ? ಜಗಳವಿಲ್ಲದೆ ಒಟ್ಟಿಗೆ ನೋಡಲು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮನೆಯ ಮೂವರೂ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾರೆ. ಅವರು ನೋಡಿದ್ದು ಮೂರು ಬೇರೆ ಬೇರೆ ಸರಣಿ, ಹೆಸರು ಮಾತ್ರ ಒಂದೇ. ‘ಯಾವಾಗ ಕೆಟ್ಟಿತು’ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಜಗಳ ಮುಗಿಯುವುದಿಲ್ಲ. ಆ ಹೊತ್ತಿನಲ್ಲಿ ಯಾರು ಬರೆಸುತ್ತಿದ್ದರು, ಕಂತು ಎಷ್ಟು ಉದ್ದವಿತ್ತು, ವರ್ಷಕ್ಕೆ ಎಷ್ಟು ಕಂತು ಬರುತ್ತಿತ್ತು ಎಂದು ಕೇಳಿದರೆ ಅರ್ಧ ತಕರಾರು ಅಲ್ಲೇ ತಿಳಿಯಾಗುತ್ತದೆ.

ಸರಣಿ ನೋಡದವರಿಗಾಗಿ ಎರಡು ಮಾತು. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಅನ್ಯಗ್ರಹದ ಜೀವಿ, ಹೊರಗಿನಿಂದ ಲಂಡನ್ನಿನ ನೀಲಿ ಪೊಲೀಸ್ ಫೋನ್ ಪೆಟ್ಟಿಗೆಯಂತೆ ಕಾಣುವ, ಒಳಗೆ ವಿಶಾಲವಾಗಿರುವ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ ದೇಶಗಳನ್ನು ಸುತ್ತುತ್ತದೆ. ಸಾವು ಹತ್ತಿರ ಬಂದಾಗ ದೇಹವನ್ನೇ ಬದಲಿಸಿಕೊಳ್ಳುತ್ತದೆ. ಬಿಬಿಸಿಯಲ್ಲಿ ಮೊದಲ ಕಂತು ಬಂದದ್ದು 1963ರ ನವೆಂಬರ್ 23ರಂದು. 1989ರಲ್ಲಿ ನಿಂತಿತು, 1996ರಲ್ಲಿ ಒಂದು ಟಿವಿ ಚಿತ್ರ ಬಂತು, 2005ರಲ್ಲಿ ಸರಣಿ ಮತ್ತೆ ಶುರುವಾಯಿತು. ಮುಂಬೈಯವರಿಗೆ ಹೆಮ್ಮೆಯ ಒಂದು ಸಂಗತಿ: ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ, ಬಾಲ್ಯ ಕಳೆದದ್ದು ಬಹುಪಾಲು ಮುಂಬೈಯಲ್ಲಿ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಆಗ ಇಪ್ಪತ್ತೇಳರ ಹೆಣ್ಣುಮಗಳು. ‘ಹೊರಗಿನವರು ಬಂದು ಹಾಳು ಮಾಡಿದರು’ ಎಂದು ಯಾರಾದರೂ ಅಂದರೆ ಈ ಇಬ್ಬರ ಹೆಸರನ್ನು ನೆನಪಿಸಿ.

ಒಡಕಿನ ಮೊದಲ ಬೇರು ಸರಣಿಯ ರಚನೆಯಲ್ಲೇ ಇದೆ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಡುತ್ತಾ ಬಂದಾಗ ಸರಣಿ ನಿಲ್ಲಿಸುವ ಬದಲು ನಾಯಕನನ್ನೇ ಬದಲಿಸಿದರು. ಪ್ಯಾಟ್ರಿಕ್ ಟ್ರೌಟನ್ ಬಂದರು, ಮುಖ ಮಾತ್ರವಲ್ಲ, ಸ್ವಭಾವವೂ ಬದಲಾಯಿತು. ಅಂದು ಕಂಡುಕೊಂಡ ಆ ಉಪಾಯವೇ ಅರವತ್ತು ವರ್ಷ ಸರಣಿಯನ್ನು ಉಳಿಸಿದೆ, ಪ್ರತಿ ಸಲವೂ ಒಂದಷ್ಟು ವೀಕ್ಷಕರನ್ನು ಅನಾಥರನ್ನಾಗಿಯೂ ಮಾಡಿದೆ. ಮಾಟುಂಗಾ, ಥಾಣೆಯ ಕಡೆ ಯಕ್ಷಗಾನ ನೋಡುವ ನಮ್ಮವರಿಗೆ ಈ ಸಂಕಟ ಗೊತ್ತು. ಹಿರಿಯ ಕಲಾವಿದರ ಕೌರವನನ್ನು ಕಂಡವರಿಗೆ ಹೊಸಬರ ಕೌರವ ಒಗ್ಗುವುದು ತಡ. ಆದರೆ ಅಲ್ಲಿ ವೇಷಧಾರಿ ಬದಲಾದರೂ ಪ್ರಸಂಗ ಬದಲಾಗುವುದಿಲ್ಲ, ಪದ್ಯ ಅದೇ ಇರುತ್ತದೆ. ಇಲ್ಲಿ ವೇಷಧಾರಿಯ ಜೊತೆಗೆ ಪ್ರಸಂಗಕರ್ತನೂ ಬದಲಾಗುತ್ತಾನೆ, ರಂಗವೂ ಬದಲಾಗುತ್ತದೆ. ಅದಕ್ಕೇ ಇಲ್ಲಿಯ ಜಗಳ ಹೆಚ್ಚು ಆಳ.

ಹಾಗಾದರೆ ‘ಅಸಲಿ’ ಯಾವುದು? ನಿಮ್ಮ ಮಾವನವರು ಅಸಲಿ ಎಂದುಕೊಂಡಿರುವ ಬಹಳಷ್ಟು ಸಂಗತಿಗಳು ಮೊದಲು ಇರಲೇ ಇಲ್ಲ. 1963ರ ಡಾಕ್ಟರ್ ಮೊಮ್ಮಗಳ ಜೊತೆ ತಿರುಗುವ ಸಿಡುಕು ಮುದುಕ. ಜೊತೆಗಿದ್ದವರು ಒಬ್ಬ ವಿಜ್ಞಾನದ ಮೇಷ್ಟ್ರು, ಒಬ್ಬ ಇತಿಹಾಸದ ಟೀಚರ್, ಯಾಕೆಂದರೆ ಮಕ್ಕಳಿಗೆ ಪಾಠವೂ ಆಗಲಿ ಎಂಬ ಉದ್ದೇಶವಿತ್ತು. ಮಾರ್ಕೋ ಪೋಲೋ, ಆಜ್ಟೆಕ್ ಸಾಮ್ರಾಜ್ಯ ಎಂದು ಯಾವ ರಾಕ್ಷಸನೂ ಇಲ್ಲದ ಶುದ್ಧ ಇತಿಹಾಸದ ಕಥೆಗಳು ಬರುತ್ತಿದ್ದವು. ಸರಣಿಯನ್ನು ರೂಪಿಸಿದವರಲ್ಲಿ ಮುಖ್ಯರಾದ ಸಿಡ್ನಿ ನ್ಯೂಮನ್‌ಗೆ ವಿಕಾರ ರೂಪದ ಅನ್ಯಗ್ರಹಜೀವಿಗಳೇ ಬೇಡವಾಗಿದ್ದವು. ಲ್ಯಾಂಬರ್ಟ್ ಪಟ್ಟು ಹಿಡಿದು ಅದೇ ಡಿಸೆಂಬರಿನಲ್ಲಿ ಡಾಲೆಕ್ ಎಂಬ ಅನ್ಯಗ್ರಹಜೀವಿಗಳನ್ನು ತಂದರು, ಸರಣಿ ಮನೆಮಾತಾದದ್ದು ಅವುಗಳಿಂದಲೇ. ಡಾಕ್ಟರ್ ಟೈಮ್ ಲಾರ್ಡ್ ಕುಲದವನು ಎಂದು ತಿಳಿದದ್ದು 1969ರಲ್ಲಿ. ಎರಡು ಹೃದಯ ಇವೆ ಎಂದದ್ದು 1970ರಲ್ಲಿ. ಅವನ ಊರಿಗೆ ಗ್ಯಾಲಿಫ್ರೆ ಎಂಬ ಹೆಸರು ಬಂದದ್ದು 1973ರಲ್ಲಿ. ಹನ್ನೆರಡು ಸಲ ಮಾತ್ರ ದೇಹ ಬದಲಿಸಬಹುದೆಂಬ ನಿಯಮ 1976ರ ‘ದಿ ಡೆಡ್ಲಿ ಅಸಾಸಿನ್’ ಕಥೆಯಲ್ಲಿ ಸೇರಿಕೊಂಡಿತು. ಅದನ್ನು 2013ರ ಕ್ರಿಸ್‌ಮಸ್ ಕಂತಿನಲ್ಲಿ ದಾಟಿದರು.

ಆ ‘ಡೆಡ್ಲಿ ಅಸಾಸಿನ್’ ಬಗ್ಗೆ ಸ್ವಲ್ಪ ನಿಲ್ಲಬೇಕು, ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಅಲ್ಲಿಯವರೆಗೆ ಟೈಮ್ ಲಾರ್ಡ್‌ಗಳು ದೇವತೆಗಳಷ್ಟು ದೂರದವರು, ಘನಗಂಭೀರರು. ಈ ಕಥೆ ಅವರನ್ನು ಹಳೆಯ ಕಾಲೇಜಿನ ಮುದಿ ಪ್ರಾಧ್ಯಾಪಕರಂತೆ ಗೊಣಗುವ, ಕುರ್ಚಿಗಾಗಿ ಪಿತೂರಿ ಮಾಡುವ ಸಾಮಾನ್ಯರನ್ನಾಗಿ ತೋರಿಸಿತು. ಆಗಿನ ಅಭಿಮಾನಿ ಸಂಘದ ಪತ್ರಿಕೆಯಲ್ಲಿ ಇದರ ಮೇಲೆ ಕಟು ಟೀಕೆ ಬಂತು: ಸರಣಿಯ ಮೋಡಿಯನ್ನೇ ಕೊಂದರು ಎಂಬ ಧಾಟಿ. ಇಂದು ಅದೇ ಕಥೆಯನ್ನು ಟಾಮ್ ಬೇಕರ್ ಕಾಲದ ಉತ್ತಮ ಕಥೆಗಳ ಸಾಲಿನಲ್ಲಿ ಇಡುತ್ತಾರೆ. ನಿಮ್ಮ ಮಾವ ಮೆಚ್ಚುವ ಕಾಲವನ್ನು ಅವರಿಗಿಂತ ಮುಂಚಿನ ಅಭಿಮಾನಿಗಳು ‘ಕೆಟ್ಟುಹೋಯಿತು’ ಎಂದಿದ್ದರು.

ಇನ್ನು ರಾಜಕೀಯದ ಮಾತು. ಡಾಲೆಕ್‌ಗಳು ಬೇರೆ ಜನಾಂಗವೆಂದರೆ ಕೊಲ್ಲಬೇಕೆನ್ನುವ ಜೀವಿಗಳು. ಬರಹಗಾರ ಟೆರಿ ನೇಶನ್ ಮನಸ್ಸಿನಲ್ಲಿ ನಾಜಿಗಳಿದ್ದರು. 1973ರ ‘ದಿ ಗ್ರೀನ್ ಡೆತ್’ ಕಾರ್ಖಾನೆಯ ತ್ಯಾಜ್ಯ ವೇಲ್ಸ್‌ನ ಗಣಿಯಲ್ಲಿ ಸೇರಿ ಜನ ಸಾಯುವ ಕಥೆ. 1977ರ ‘ದಿ ಸನ್ ಮೇಕರ್ಸ್’ ಪೂರ್ತಿಯಾಗಿ ತೆರಿಗೆ ಇಲಾಖೆಯ ಮೇಲಿನ ವಿಡಂಬನೆ, ಅದರ ಡಾಕ್ಟರ್ ಸಾಕ್ಷಾತ್ ಟಾಮ್ ಬೇಕರ್. 1988ರಲ್ಲಿ ಆಗಿನ ಬ್ರಿಟಿಷ್ ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಅವರನ್ನೇ ಹೋಲುವ ಖಳನಾಯಕಿ ಬಂದಳು. 2005ರಲ್ಲಿ ಇರಾಕ್ ಯುದ್ಧಕ್ಕೆ ಮುನ್ನ ಬ್ರಿಟಿಷ್ ಸರ್ಕಾರ ಹೇಳಿದ, ಇರಾಕ್ ತನ್ನ ಮಾರಕ ಅಸ್ತ್ರಗಳನ್ನು ‘45 ನಿಮಿಷ’ದಲ್ಲಿ ಬಳಸಬಲ್ಲದು ಎಂಬ ಮಾತನ್ನು ‘45 ಸೆಕೆಂಡ್’ ಎಂದು ಅಣಕಿಸಿದರು. ರಾಜಕೀಯ ಹೊಸದಾಗಿ ಬಂದದ್ದಲ್ಲ.

ಆದರೂ ನಿಮ್ಮ ಮಾವನವರಿಗೆ ಏನೋ ಬದಲಾಗಿದೆ ಅನ್ನಿಸಿದ್ದರಲ್ಲಿ ಹುರುಳಿದೆ. ಹಿಂದೆ ಅದು ಕಥೆಯ ಒಳಗೆ ಬೆರೆತಿರುತ್ತಿತ್ತು, ಈಚಿನ ಕೆಲವು ಕಂತುಗಳಲ್ಲಿ ಪಾತ್ರದ ಬಾಯಲ್ಲಿ ನೇರ ಭಾಷಣವಾಗಿ ಬರುತ್ತದೆ. 2020ರ ‘ಆರ್ಫನ್ 55’ ಕೊನೆಯಲ್ಲಿ ಡಾಕ್ಟರ್ ಹವಾಮಾನ ಬದಲಾವಣೆಯ ಬಗ್ಗೆ ನಿಂತು ಉಪನ್ಯಾಸ ಕೊಡುತ್ತಾಳೆ. ಆ ಮಾತಿನಲ್ಲಿ ನನಗೆ ತಕರಾರಿಲ್ಲ, ಹೇಳಿದ ಬಗೆ ನಾಟಕವಾಗಿ ಬಡವಾಗಿದೆ. ಇದು ಚಿತ್ರಕಥೆಯ ದೋಷ. ಅದನ್ನು ಸಿದ್ಧಾಂತದ ತಲೆಗೆ ಕಟ್ಟಿದರೆ ಚರ್ಚೆ ಹಾದಿ ತಪ್ಪುತ್ತದೆ.

ಹೆಣ್ಣು ಡಾಕ್ಟರ್ ವಿಚಾರವೂ ಹೀಗೆಯೇ. ಆ ಸಲಹೆಯನ್ನು ಸ್ವತಃ ಸಿಡ್ನಿ ನ್ಯೂಮನ್ 1986ರಲ್ಲಿ ಬಿಬಿಸಿಗೆ ಪತ್ರ ಬರೆದು ಕೊಟ್ಟಿದ್ದರು. ಜಾರಿಗೆ ಬರಲು ಮೂರು ದಶಕ ಹಿಡಿಯಿತು. ‘ಹೆಣ್ಣು ಬಂದದ್ದಕ್ಕೇ ಜನ ಬಿಟ್ಟರು’ ಎನ್ನುವವರಿಗೆ ಒಂದು ಅಂಕಿ: 2018ರ ಅಕ್ಟೋಬರಿನಲ್ಲಿ ವಿಟೇಕರ್ ಅವರ ಮೊದಲ ಕಂತನ್ನು ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ನೋಡಿದರು. ಜನ ಬಂದರು, ನಂತರ ಒಂದಷ್ಟು ಮಂದಿ ಉಳಿಯಲಿಲ್ಲ. ಉಳಿಯದ ಕಾರಣವನ್ನು ಆ ಕಂತುಗಳ ಬರವಣಿಗೆಯಲ್ಲಿ ಹುಡುಕಬೇಕು.

ಅಂಕಿಗಳ ಬಗ್ಗೆ ಇನ್ನೊಂದು ಎಚ್ಚರ. 1979ರ ‘ಸಿಟಿ ಆಫ್ ಡೆತ್’ ಕಥೆಯ ಕೊನೆಯ ಭಾಗಕ್ಕೆ 1.61 ಕೋಟಿ ವೀಕ್ಷಕರಿದ್ದರು ಎಂದು ಹಳಬರು ಎದೆತಟ್ಟಿ ಹೇಳುತ್ತಾರೆ. ಅಂಕಿ ನಿಜ. ಆದರೆ ಆಗ ಎದುರಾಳಿ ಚಾನೆಲ್ ಐಟಿವಿ ಮುಷ್ಕರದಿಂದ ಬಂದ್ ಆಗಿತ್ತು. ಅದೇ ರೀತಿ 1980ರ ದಶಕದ ಕೊನೆಯಲ್ಲಿ ಸಂಖ್ಯೆ ಕುಸಿದದ್ದಕ್ಕೆ ಆಗಿನ ಡಾಕ್ಟರ್ ಸಿಲ್ವೆಸ್ಟರ್ ಮೆಕಾಯ್ ಒಬ್ಬರನ್ನೇ ದೂರುವುದು ಅನ್ಯಾಯ. ಬ್ರಿಟನ್ನಿನ ಅತಿ ಜನಪ್ರಿಯ ಧಾರಾವಾಹಿ ‘ಕೊರೊನೇಶನ್ ಸ್ಟ್ರೀಟ್’ ಬರುವ ಸಮಯಕ್ಕೇ ಇದನ್ನು ಇಟ್ಟಿದ್ದರು.

ಈಗ ಒಡಕಿನ ನಿಜವಾದ ಕಾರಣಗಳಿಗೆ ಬರೋಣ. 2005ರ ನಂತರದ ಸರಣಿಯಲ್ಲಿ ನಟನಿಗಿಂತ ಮುಖ್ಯ ಶೋರನ್ನರ್, ಅಂದರೆ ಕಥೆಯ ಒಟ್ಟು ಹೊಣೆ ಹೊತ್ತ ಮುಖ್ಯ ಬರಹಗಾರ. ನಿಮ್ಮ ಯಜಮಾನರು ಟೆನೆಂಟ್ ಹೋದರೆಂದು ಬೇಸರಿಸುತ್ತಾರೆ, ಅದೇ ವೇಳೆಗೆ ಹೊರಟವರು ಆಗಿನ ಶೋರನ್ನರ್ ರಸೆಲ್ ಟಿ. ಡೇವಿಸ್ ಕೂಡ. ಡೇವಿಸ್ ಬರೆದರೆ ಡಾಕ್ಟರ್ ಜೊತೆ ಹೋಗುವ ಹುಡುಗಿಗೆ ಅಮ್ಮ ಇರುತ್ತಾಳೆ, ಫ್ಲ್ಯಾಟ್ ಇರುತ್ತದೆ, ಕಣ್ಣೀರು ಇರುತ್ತದೆ. ದುರ್ಬಲ ಜಾಗ ಕೊನೆಯ ಕಂತು: ಇಡೀ ಜಗತ್ತು ಒಟ್ಟಿಗೆ ಡಾಕ್ಟರ್ ಹೆಸರು ಜಪಿಸಿದ್ದಕ್ಕೆ ಅವನಿಗೆ ಶಕ್ತಿ ಬಂತು ಎನ್ನುವ 2007ರ ಮುಕ್ತಾಯದಂಥವು. 2010ರಲ್ಲಿ ಬಂದ ಸ್ಟೀವನ್ ಮೊಫಟ್‌ಗೆ ಕಾಲದ ಒಗಟು ಹೆಣೆಯುವುದರಲ್ಲಿ ಪ್ರೀತಿ. 2011ರಲ್ಲಂತೂ ಕಥೆಯ ಗಂಟು ಬಿಗಿಯಾಗಿ, ಸೀಸನ್ನನ್ನೇ ಎರಡು ತುಂಡಾಗಿ ಪ್ರಸಾರ ಮಾಡಿದ್ದರಿಂದ, ನಡುವೆ ತಪ್ಪಿಸಿಕೊಂಡವರು ಹೊರಗುಳಿದರು. ಅಳಿಸುವ ಕಥೆ ಬೇಕಾದವರಿಗೆ ಒಗಟು ತಣ್ಣಗೆನಿಸುತ್ತದೆ, ಒಗಟು ಬೇಕಾದವರಿಗೆ ಕಣ್ಣೀರು ಅತಿಯೆನಿಸುತ್ತದೆ. ಯಜಮಾನರ ನಿರಾಸೆಯ ಮೂಲ ಬಹುಶಃ ಇದು.

ಮುಂದಿನ ಶೋರನ್ನರ್ ಕ್ರಿಸ್ ಚಿಬ್ನಲ್ ಅವರ 2018ರ ಸೀಸನ್‌ನಲ್ಲಿ ಡಾಕ್ಟರ್ ಜೊತೆ ಮೂವರು ಸಹಚರರು. 50 ನಿಮಿಷದಲ್ಲಿ ನಾಲ್ವರಿಗೂ ಮಾತು ಹಂಚಬೇಕು, ಮೇಲೆ ಆ ವಾರದ ಹೊಸ ಪಾತ್ರಗಳು. ಪರಿಣಾಮ, ಸಹಚರರು ‘ಇದೇನು, ಯಾಕೆ ಹೀಗೆ’ ಎಂದು ಸರದಿಯಲ್ಲಿ ಕೇಳುವವರಾಗಿಬಿಡುತ್ತಾರೆ. ಹಳೆಯ ಶತ್ರುಗಳನ್ನು ಆ ಸೀಸನ್ನಿನ ಹತ್ತು ಕಂತಿನಲ್ಲಿ ಬೇಕೆಂದೇ ದೂರವಿಟ್ಟಿದ್ದರು. ಅದು ಧೈರ್ಯದ ಕೆಲಸ, ಆದರೆ ಹಳಬರಿಗೆ ಹಿಡಿಯಲು ಕೊಂಬೆಯೇ ಇಲ್ಲದಾಯಿತು. ನಂತರ 2020ರ ‘ದಿ ಟೈಮ್‌ಲೆಸ್ ಚಿಲ್ಡ್ರನ್’ನಲ್ಲಿ ಡಾಕ್ಟರ್ ಗ್ಯಾಲಿಫ್ರೆಯಲ್ಲಿ ಹುಟ್ಟಿದವಳೇ ಅಲ್ಲ, ನಮಗೆ ಗೊತ್ತಿದ್ದ ಮೊದಲ ದೇಹಕ್ಕೂ ಮುಂಚೆ ಹಲವು ಜನ್ಮಗಳಿದ್ದವು ಎಂದರು. ಎಲ್ಲಕ್ಕಿಂತ ದೊಡ್ಡ ರಂಪ ಎದ್ದದ್ದು ಇದಕ್ಕೆ. ಹಾರ್ಟ್‌ನೆಲ್‌ಗಿಂತ ಹಿಂದಿನ ಮುಖಗಳ ಸೂಚನೆ 1976ರಲ್ಲೇ ಒಂದು ಕಥೆಯಲ್ಲಿ ಬಂದಿತ್ತು, ಹಾಗಾಗಿ ‘ನಿಯಮ ಮುರಿದರು’ ಎಂಬ ದೂರು ನಿಲ್ಲುವುದಿಲ್ಲ. ನನ್ನ ದೂರು ಬೇರೆ: ಡಾಕ್ಟರ್ ಸೆರೆಯಲ್ಲಿ ನಿಂತು ಕೇಳುತ್ತಾಳೆ, ಶತ್ರು ಉದ್ದಕ್ಕೂ ವಿವರಿಸುತ್ತಾನೆ. ಇಷ್ಟು ದೊಡ್ಡ ಸತ್ಯವನ್ನು ನಾಯಕಿ ಹುಡುಕಿ ಕಂಡುಕೊಳ್ಳುವುದಿಲ್ಲ, ಅದಕ್ಕಾಗಿ ಏನನ್ನೂ ಕಳೆದುಕೊಳ್ಳುವುದಿಲ್ಲ.

ಎರಡನೆಯ ಕಾರಣ ಬರೀ ಲೆಕ್ಕ, ಆದರೆ ಯಾರೂ ಗಮನಿಸುವುದಿಲ್ಲ. ಮೊದಲ ಸೀಸನ್‌ನಲ್ಲಿ 25 ನಿಮಿಷದ 42 ಕಂತುಗಳಿದ್ದವು. 1970ರಲ್ಲಿ ಬಣ್ಣ ಬಂದಾಗ ವರ್ಷಕ್ಕೆ 25 ಆಯಿತು. 2005ರಲ್ಲಿ 45 ನಿಮಿಷದ 13. 2018ರಲ್ಲಿ 10. 2024 ಮತ್ತು 2025ರಲ್ಲಿ ತಲಾ 8. ಹದಿಮೂರರಲ್ಲಿ ಮೂರು ಕಂತು ಸಪ್ಪೆಯಾದರೂ ಹತ್ತು ಉಳಿಯುತ್ತವೆ. ಎಂಟರಲ್ಲಿ ಮೂರು ಹೋದರೆ ಸೀಸನ್ನೇ ಸೋತಂತೆ. ಜೊತೆಗೆ 2024ರ ಎಂಟರಲ್ಲಿ ಎರಡು ಕಂತುಗಳಲ್ಲಿ ಗಾಟ್ವಾ ತೀರಾ ಕಡಿಮೆ ಕಾಣುತ್ತಾರೆ, ಇನ್ನೊಂದು ಸರಣಿಯ ಚಿತ್ರೀಕರಣ ಮುಗಿಸಬೇಕಿತ್ತು. ನಾಯಕನ ಪರಿಚಯ ಆಗುವ ಮೊದಲ ವರ್ಷದಲ್ಲೇ ಕಾಲುಭಾಗದಲ್ಲಿ ನಾಯಕನಿಲ್ಲ. ನಿಮ್ಮ ಮಗಳಿಗೆ ಅವರು ಇಷ್ಟವಾಗಿದ್ದಾರೆ ಎಂದರೆ ಅದು ಆ ನಟನ ಗೆಲುವು. ಇತರರಿಗೆ ಅವರು ಮನಸ್ಸಿಗೆ ಹತ್ತಲು ಪುರುಸೊತ್ತೇ ಸಿಗಲಿಲ್ಲ.

ಹಳೆಯದು ನೋಡಿದರೆ ಮಗಳಿಗೆ ಆಕಳಿಕೆ ಬರಲೂ ಕಾರಣವಿದೆ. ನಾಲ್ಕೈದು ವಾರ ಹರಡಿ ನೋಡಲೆಂದು ಬರೆದ ಕಥೆಯನ್ನು ಒಂದೇ ಉಸಿರಿಗೆ ನೋಡಿದರೆ, ಪ್ರತಿ 25 ನಿಮಿಷಕ್ಕೊಮ್ಮೆ ಗಂಡಾಂತರ, ಮರುಭಾಗದ ಆರಂಭದಲ್ಲಿ ಅದೇ ದೃಶ್ಯ ಮತ್ತೆ. ಆರು ಭಾಗದ ಕಥೆಗಳಲ್ಲಿ ಮೂರರಿಂದ ಐದರವರೆಗೆ ಸೆರೆ ಸಿಕ್ಕುವುದು, ತಪ್ಪಿಸಿಕೊಳ್ಳುವುದು, ಮತ್ತೆ ಸೆರೆ ಸಿಕ್ಕುವುದು. ದಿನಕ್ಕೆ ಒಂದೇ ಭಾಗ ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ನಿಮ್ಮೆದುರು ಮೂರು ದಾರಿಗಳಿವೆ. 2005ರ ‘ರೋಸ್’ ಕಂತಿನಿಂದ ಕ್ರಮವಾಗಿ ಹೋಗುವುದು ಒಂದು. ಪಾತ್ರಗಳ ಮೇಲೆ ಪ್ರೀತಿ ಹುಟ್ಟಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಆದರೆ ನಾಲ್ಕು ಮತ್ತು ಐದನೆಯ ಕಂತುಗಳಲ್ಲಿ ಹೂಸು ಬಿಡುವ ಅನ್ಯಗ್ರಹಜೀವಿಗಳ ಹಾಸ್ಯಕ್ಕೆ ದೊಡ್ಡವರು ಎದ್ದುಹೋಗುವ ಅಪಾಯವಿದೆ. ಆರನೆಯ ಕಂತು ‘ಡಾಲೆಕ್’ವರೆಗೆ ತಾಳ್ಮೆ ಬೇಕು, ಒಂದು ವಾರದ ರಜೆಯಲ್ಲಿ ಇದು ಮುಗಿಯುವುದೂ ಇಲ್ಲ. 2010ರ ‘ದಿ ಇಲೆವೆಂತ್ ಅವರ್’ನಿಂದ ಶುರು ಮಾಡುವುದು ಇನ್ನೊಂದು. 65 ನಿಮಿಷದ ಅದು ಹೊಸಬರಿಗೆಂದೇ ಬರೆದಂತಿದೆ, ಮಗನಿಗೂ ಖುಷಿ ಕೊಡುತ್ತದೆ. ಆದರೆ ಮುಂದಿನ ವರ್ಷದ ಗಂಟುಗಳು ಮಾವನವರಿಗೆ ಬೇಸರ ತರಬಹುದು. ಮೂರನೆಯದು ಬಿಡಿ ಕಥೆಗಳನ್ನು ಆಯುವುದು, ನಿಮ್ಮ ಸಂದರ್ಭಕ್ಕೆ ನಾನು ಹೇಳುವುದು ಇದನ್ನೇ.

ಮಧ್ಯಾಹ್ನ ಊಟಕ್ಕೆ ಮೊದಲು ‘ಸಿಟಿ ಆಫ್ ಡೆತ್’ನ ಒಂದು ಭಾಗ, ನಾಲ್ಕು ದಿನ. ಹಾಸ್ಯ ಬರಹಗಾರ ಡಗ್ಲಸ್ ಆಡಮ್ಸ್ ಕೈಯಾಡಿಸಿದ ಚುರುಕು ಸಂಭಾಷಣೆ, ಪ್ಯಾರಿಸ್ಸಿನಲ್ಲಿ ಚಿತ್ರೀಕರಣ, ಲಿಯೊನಾರ್ಡೊ ಕೈಯಲ್ಲೇ ಆರು ಹೆಚ್ಚುವರಿ ಮೋನಾಲಿಸಾ ಬರೆಸಿಟ್ಟು, ಲೂವ್ರ್ ಸಂಗ್ರಹಾಲಯದ್ದನ್ನು ಕದ್ದು, ಏಳನ್ನೂ ಏಳು ಶ್ರೀಮಂತರಿಗೆ ಮಾರಹೊರಟ ಕಳ್ಳ. ಮಾವನವರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ವಕೀಲ ಸಿಗುವುದಿಲ್ಲ. ರಾತ್ರಿ ಹೊಸ ಕಾಲದ ಒಂದು ಕಂತು. ಹಳೆಯದು, ಹೊಸದನ್ನು ಬೆನ್ನಿಗೆ ಬೆನ್ನು ಹಚ್ಚಿ ಮಾತ್ರ ಹಾಕಬೇಡಿ. ಹೊಸದರ ವೇಗಕ್ಕೆ ಹೊಂದಿಕೊಂಡ ಕಣ್ಣಿಗೆ ಹಳೆಯದು ಬಡಕಲಾಗಿ ಕಾಣುತ್ತದೆ, ತಪ್ಪು ಎರಡರದ್ದೂ ಅಲ್ಲ.

ಯಜಮಾನರ ಪಾಲಿಗೆ 2008ರ ‘ಮಿಡ್‌ನೈಟ್’. ಹೆಚ್ಚುಕಡಿಮೆ ಒಂದೇ ವಾಹನದೊಳಗೆ ನಡೆಯುತ್ತದೆ. ಕೆಟ್ಟು ನಿಂತ ವಾಹನದಲ್ಲಿ ಸಭ್ಯ ಪ್ರಯಾಣಿಕರು ಹೆದರಿಕೆಯಿಂದ ಗುಂಪಾಗಿ ಒಬ್ಬನ ಮೇಲೆ ತಿರುಗುತ್ತಾರೆ, ಟೆನೆಂಟ್‌ನ ಮಾತುಗಾರಿಕೆಯೇ ಅವನಿಗೆ ಮುಳುವಾಗುತ್ತದೆ. ಮಗಳ ಪಾಲಿಗೆ 2024ರ ‘ಬೂಮ್’. ನೆಲಬಾಂಬಿನ ಮೇಲೆ ಕಾಲಿಟ್ಟ ಡಾಕ್ಟರ್ ಬಹುಪಾಲು ಕಂತಿನಲ್ಲಿ ಅಲುಗಾಡುವಂತಿಲ್ಲ, ಗಾಟ್ವಾ ಏನೆಂದು ಇಲ್ಲಿ ತಿಳಿಯುತ್ತದೆ. ಇದನ್ನು ಬರೆದದ್ದು ಮೊಫಟ್ ಎಂಬುದನ್ನು ನೋಡಿ ಮುಗಿದ ಮೇಲೆ ಯಜಮಾನರಿಗೆ ಹೇಳಿ. ಸೈನಿಕಳಾಗಿ ಬರುವ ವರದಾ ಸೇತು ಕೇರಳದಲ್ಲಿ ಹುಟ್ಟಿದವರು, ಮರುವರ್ಷ ಡಾಕ್ಟರನ ಸಹಚರಿಯಾದರು.

ಎಲ್ಲರೂ ಕೂತು ನೋಡಬೇಕಾದದ್ದು 2018ರ ‘ಡೀಮನ್ಸ್ ಆಫ್ ದ ಪಂಜಾಬ್’. ವಿನಯ್ ಪಟೇಲ್ ಬರೆದದ್ದು. ಯಾಸ್ಮಿನ್ ಎಂಬ ಸಹಚರಿಯ ಅಜ್ಜಿ 1947ರ ಆಗಸ್ಟಿನಲ್ಲಿ ಹಿಂದೂ ಹುಡುಗನನ್ನು ಮದುವೆಯಾಗುವ ದಿನ. ಭೀಕರ ಮುಖದ ಅನ್ಯಗ್ರಹದವರು ಕಾಡಿನಲ್ಲಿ ಕಾಣಿಸುತ್ತಾರೆ, ಅವರೇ ಕೊಲೆಗಾರರು ಅಂದುಕೊಳ್ಳುತ್ತೇವೆ. ಅವರು ಬಂದದ್ದು ಯಾರೂ ಗಮನಿಸದೆ ಸಾಯುವವರ ಪಕ್ಕ ನಿಂತು ಗೌರವ ಸಲ್ಲಿಸಲು. ಕೊಲ್ಲುವವರು ಮನೆಯೊಳಗೇ ಬೆಳೆದ ಮನುಷ್ಯರು. ಸ್ಪೇನಿನಲ್ಲಿ ಚಿತ್ರೀಕರಿಸಿದ್ದರಿಂದ ಗುಡ್ಡಗಳು ಪಂಜಾಬಿನಂತೆ ಕಾಣುವುದಿಲ್ಲ, ಅದೊಂದನ್ನು ಮನ್ನಿಸಬೇಕು. ರಾಜಕೀಯ ತುರುಕಿದ್ದಾರೆ ಎನ್ನುವ ಮಾವನವರಿಗೆ ಇದನ್ನು ತೋರಿಸಿದ ಮೇಲೆ ಮತ್ತೆ ಮಾತಾಡಿ. ಡಾಕ್ಟರಿಗೆ ಇಲ್ಲಿ ಏನನ್ನೂ ತಡೆಯಲು ಆಗುವುದಿಲ್ಲ, ರಾಜಕೀಯದ ಭಾಷಣವೂ ಇಲ್ಲ.

ಒಂಬತ್ತರ ಮಗನಿಗೆ ‘ಮಿಡ್‌ನೈಟ್’ ಬೇಡ. ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಕಲ್ಲಿನ ಪ್ರತಿಮೆಗಳ ‘ಬ್ಲಿಂಕ್’ ಕೂಡ ಸದ್ಯಕ್ಕೆ ಬೇಡ, ಎಲ್ಲರೂ ಅದನ್ನೇ ಮೊದಲು ಸೂಚಿಸುತ್ತಾರೆ. ಅದರಲ್ಲಿ ರಕ್ತವಿಲ್ಲ, ಆದರೆ ಹಾಸಿಗೆಗೆ ಹೋದ ಮೇಲೆ ಹೆದರಿಸುವ ಬಗೆಯದು. 2010ರ ‘ವಿನ್ಸೆಂಟ್ ಅಂಡ್ ದ ಡಾಕ್ಟರ್’ ಸುಂದರ ಕಂತು, ಚಿತ್ರಕಾರನ ಖಿನ್ನತೆ ಮತ್ತು ಆತ್ಮಹತ್ಯೆಯ ಪ್ರಸ್ತಾಪವಿದೆ. ನೀವು ಮೊದಲು ನೋಡಿ ನಿರ್ಧರಿಸಿ.

ಯೋಜನೆಗೆ ಮುನ್ನ ಯಾವ ಕಂತು ಎಲ್ಲಿ ಸಿಗುತ್ತದೆ ಎಂದು ಖಚಿತಪಡಿಸಿಕೊಳ್ಳಿ. 2023ರಲ್ಲಿ ಶುರುವಾದ ಡಿಸ್ನಿ ಜೊತೆಗಿನ ಪಾಲುದಾರಿಕೆ ಮುಂದುವರಿಯುವುದಿಲ್ಲ ಎಂದು ಬಿಬಿಸಿ 2025ರ ಅಕ್ಟೋಬರಿನಲ್ಲಿ ತಿಳಿಸಿತು, ಆಪ್‌ಗಳಲ್ಲಿ ಇರುವುದು ಬದಲಾಗುತ್ತಲೇ ಇರುತ್ತದೆ. 1960ರ ದಶಕದ ಕಥೆಗಳತ್ತ ಹೋಗುವುದಾದರೆ ಎಲ್ಲ ಭಾಗಗಳೂ ಉಳಿದಿವೆಯೇ ನೋಡಿ. ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿದ್ದರಿಂದ 90ಕ್ಕೂ ಹೆಚ್ಚು ಕಂತುಗಳು ಇಂದಿಗೂ ಸಿಕ್ಕಿಲ್ಲ, ಕೆಲವು ಕಡೆ ಉಳಿದ ಧ್ವನಿಗೆ ಆನಿಮೇಶನ್ ಸೇರಿಸಿದ್ದಾರೆ.

ಟಿವಿಯಲ್ಲಿ ಮೂರು ಸೆಟ್ಟಿಂಗ್ ಸರಿಮಾಡಿ. ಸಬ್‌ಟೈಟಲ್ ಹಾಕಿಕೊಳ್ಳಿ, 2005ರ ನಂತರದ ಕಂತುಗಳಲ್ಲಿ ಹಿನ್ನೆಲೆ ಸಂಗೀತ ಮಾತನ್ನು ನುಂಗುತ್ತದೆ. ಚಲನೆಯನ್ನು ಕೃತಕವಾಗಿ ನಯಗೊಳಿಸುವ ಮೋಶನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಹೊಸ ಕಂತುಗಳೂ ದಿನದ ಧಾರಾವಾಹಿಯಂತೆ ಕಾಣುತ್ತವೆ. ಹಳೆಯ ಕಂತುಗಳನ್ನು 4:3 ಅಳತೆಯಲ್ಲೇ ಬಿಡಿ, ಪರದೆ ತುಂಬಿಸಲು ಎಳೆದರೆ ಟಾಮ್ ಬೇಕರ್ ಮುಖ ಅಗಲವಾಗುತ್ತದೆ. ಆ ಕಂತುಗಳಲ್ಲಿ ಪಾತ್ರಗಳು ಮನೆಯೊಳಗಿಂದ ಬೀದಿಗೆ ಬಂದ ಕೂಡಲೇ ಚಿತ್ರದ ಗುಣ ಬದಲಾಗುವುದು ಕಂಡರೆ ರಿಮೋಟ್ ಹುಡುಕಬೇಡಿ. ಒಳಾಂಗಣವನ್ನು ಸ್ಟುಡಿಯೋದಲ್ಲಿ ವಿಡಿಯೊ ಕ್ಯಾಮೆರಾಗಳಿಂದ, ಹೊರಾಂಗಣವನ್ನು ಹೆಚ್ಚಾಗಿ ಫಿಲ್ಮ್‌ನಲ್ಲಿ ಚಿತ್ರೀಕರಿಸುತ್ತಿದ್ದರು, ಆಗಿನ ಬಿಬಿಸಿ ನಾಟಕಗಳ ಪದ್ಧತಿಯೇ ಅದು.